ನಡುವಿನ ತೂಕ

ಮೂವತ್ತು ವರ್ಷ ಕಲಬುರಗಿ ಗಂಜಿನಾಗ
ತೊಗರಿ ತೂಗೀನಿ ನಾ.
ತೂಗೂ ಮುಂದ ಚೀಲಕ್ಕ ನೀರು ಚಿಮುಕಿಸಿ ತರ್ತಾರ,
ಅದಕ್ಕ ನಾವೂ ಎರಡು ಕಿಲೋ ಕಡತಾ ಹಿಡೀತೀವಿ.
ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ.

ಅಕ್ಕನ ಮಗ ಅಂಬಾದಾಸನ ಕುಸ್ತಿ
(ಬಾಕ್ಸಿಂಗ್ ಮಾಮಾ, ಅಂತ ತಿದ್ದತಾನ)
ಅಲ್ಲಿ ಆಟ ತಿರುಗಾಮುರುಗಾ.
ತೂಗೂ ಮುಂದ ಮನುಷ್ಯಾನ್ನ ಒಣಗಸ್ತಾರ,
ನೀರು ಆಮ್ಯಾಲ.

ಇಂವ ಅರವತ್ತು, ಪುಣೆದವ ಅರವತ್ತಾರು.
ಮೂರು ದಿನ ಫೋನಿನಾಗ ಚೌಕಾಸಿ,
ಅರವತ್ಮೂರಕ್ಕ ಸೌದಾ ಕುದುರಿತು.
‘ನಡುವಿಂದು. ಇಬ್ಬರಿಗೂ ನ್ಯಾಯ’ ಅಂದ.

ನ್ಯಾಯ ಖರೇ.
ಆಂವ ನಾಕು ದಿನ ಉಗುಳು ನುಂಗಿ ಕೂಡ್ತಾನ,
ಕಾಟಾ ಇಳಿದು ಬಿಂದಿಗಿ ಎತ್ತತಾನ,
ರಾತ್ರಿ ಹಗ್ಗದೊಳಗ ಬರೂದ್ರಾಗ ಮತ್ತ ಅರವತ್ತೇಳು.
ಇಂವ ಇಲ್ಲದ ಮೈ ಎಲ್ಲಿಂದ ತರಬೇಕು?
ಹತ್ತು ರೊಟ್ಟಿ, ಮ್ಯಾಲ ಬಾಳೆಹಣ್ಣು,
ಬೆಳಿಗ್ಗೆ ಹೊಟ್ಟಿ ಹಿಡಕೊಂಡು ಓಡೂದು.

‘ಒಲ್ಲೆ ಅಂದಿದ್ರ?’
‘ಒಲ್ಲೆ ಅಂದ್ರ ಆಟಾನೇ ಇಲ್ಲ ಮಾಮಾ.
ನಲವತ್ತು ಸಾವಿರ.’
ಚೀಲದ ಬಾಯಿ ಬಿಚ್ಚಿದ ಮ್ಯಾಲ
ವಾಪಸ್ ಹೊತ್ಕೊಂಡು ಹೋದವರನ್ನ
ನಾನೂ ಬಾಳ ಕಂಡಿಲ್ಲ.

ನಿನ್ನೆ ಅಡತಿ ಮುಚ್ಚಿದ ಮ್ಯಾಲ ಬಂದು
ನನ್ನ ಕಾಟಾದ ಮ್ಯಾಲ ನಿಂತ, ಬರಿಗಾಲ,
ಮೊಣಕೈಗೆ ತೊಗರಿ ಧೂಳು.
ಅರವತ್ತೊಂದೂವರಿ.

ರೈತರ ಚೀಲ ಬಂದಾಗೆಲ್ಲ
ಹಲಗಿ ಕೆಳಗ ಹೋಗಿ ಮೆಲ್ಲಗ ಎತ್ತತಿದ್ದ ಈ ಕಾಲು
ತಾನ ಹಲಗಿ ಮ್ಯಾಲ ಹೋತು,
ಒಂದೀಟು ಒತ್ತಲಿಕ್ಕ.

‘ಮಾಮಾ, ಕಾಲು ತಗಿ.’

ತಗದೆ.
ಆಂವ ಬೂಟು ಮೆಟ್ಟಿಕೊಂಡು
ಅಕ್ಕ ಕಟ್ಟಿ ಕೊಟ್ಟ ಶೇಂಗಾ ಹೋಳಿಗಿ,
ಹಸಿವಿಲ್ಲದ ಬಾಯಿಲೆ,
ಎರಡನೇದ್ದು ತಿನ್ನಕೋತ ನಡದ.