ಮೈಗಳ್ಳ

ರಾತ್ರಿ ಮೂರಕ್ಕೆ ತಳ್ಳುಗಾಡಿ ಹಿಡಿದು ಹೊರಟೆ.
ಒಂದು ಗಾಲಿ ಕಿರ್‌ಗುಟ್ಟುತ್ತದೆ, ಎಣ್ಣೆ ಕೇಳಿ ಮೂರು ವಾರ.
ತಂಪುಪೆಟ್ಟಿಗೆಯಲ್ಲಿ ನಲವತ್ತು ಸಿರಿಂಜು,
ಹೊರಗೆ ತಾರ್ತುವಿನ ಹೊಳೆ ಅಂಚಿನಿಂದ ಹೆಪ್ಪುಗಟ್ಟುತ್ತಿದೆ.

ಹಗಲಿನವರು ಸಾಲಾಗಿ ಬಂದು ತೋಳು ಕೊಟ್ಟು ಹೋದರು:
ಅಂಗರಚನಾ ವಿಭಾಗದ ಪ್ರೊಫೆಸರು, ಕಣ್ಣು ಮುಚ್ಚಿಕೊಂಡು;
ಗ್ರಂಥಾಲಯದ ಲೇಲೊ, ಪುಸ್ತಕದಿಂದ ಕಣ್ಣೆತ್ತದೆ.
ರಾತ್ರಿಯವರನ್ನು ನಾನೇ ಹುಡುಕಬೇಕು.
ಬಾಯ್ಲರಿನ ಹಿಂದೆ, ಅಡುಗೆಮನೆಯ ಹಬೆಯಲ್ಲಿ,
ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ
ಹೆಲ್ದುರ್.

ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ರಜೆ ಹಾಕಿದವನಲ್ಲ.
ಹೋದ ಚಳಿಗಾಲ ಮೈ ಕೆಂಡವಾಗಿದ್ದರೂ
ಏಳನೇ ವಾರ್ಡಿಗೆ ಹೊದಿಕೆ ಹೊತ್ತು ತಂದ,
ಕೆಮ್ಮನ್ನು ಮುಷ್ಟಿಯಲ್ಲಿ ಹಿಡಿದು, ಅದೇ ಮುಷ್ಟಿಯಿಂದ
ಬಾಗಿಲ ಹಿಡಿ ತಿರುಗಿಸಿ.
ಆ ವಾರ ಅಲ್ಲಿ ನಾಲ್ವರಿಗೆ ಜ್ವರ. ಮೂವರು ಎದ್ದರು.
ಯಾರಿಂದ ಯಾರಿಗೆ ಎಂದು ಯಾರೂ ಬರೆದಿಡಲಿಲ್ಲ.
ನಾನೂ ಕೇಳಲಿಲ್ಲ.
ನನಗೂ ಆಗ ಗಂಟಲು ಕೆರೆಯುತ್ತಿತ್ತು.

ಅಂಗಿತೋಳು ಮಡಚುತ್ತಾ ಕೇಳಿದ:
"ಇದು ಹಾಕಿಸಿಕೊಂಡರೆ ಬರೋದೇ ಇಲ್ವಾ?"
ಸುಳ್ಳು ಹೇಳಲಿಲ್ಲ. "ಬಂದರೂ ಬರಬಹುದು, ಹಗುರಾಗಿ.
ಬಂದರೆ ಮನೆಯಲ್ಲಿರು. ಫೋನು ಮಾಡು."
ಸೂಜಿಗೆ ಮುಖ ಕಿವುಚದವನು ಆ ಮಾತಿಗೆ ಕಿವುಚಿದ.

ಜನವರಿಯ ಒಂದು ಸಂಜೆ, ಆಗಲೇ ಕಗ್ಗತ್ತಲು, ಫೋನು.
ಉಸಿರು, ಕೆಮ್ಮು, ಮತ್ತೆ ಉಸಿರು.
"ವೈಕೆ, ನನಗೆ... ಮೂವತ್ತೆಂಟು ಪಾಯಿಂಟು ಆರು."
ಕದ್ದ ಸಾಮಾನು ವಾಪಸು ಕೊಡುವವನ ದನಿ.

ಮೈಗಳ್ಳ ಅನ್ನುತ್ತಾರಲ್ಲ,
ಅನ್ನಲಿ ಬಿಡು.
ಒಂದು ವಾರ ಆ ಮೈಯನ್ನು ಕದ್ದು ಬಚ್ಚಿಡು, ಹೆಲ್ದುರ್,
ಏಳನೇ ವಾರ್ಡಿಗೆ ಸಿಗದ ಹಾಗೆ.
ಹೊದಿಕೆ ನಾನು ಹೊರುತ್ತೇನೆ.
ಗಾಲಿಗೆ ಎಣ್ಣೆ ಬಿಟ್ಟಿದ್ದಾರೆ, ಕೊನೆಗೂ.