ಮಾದರಿ ಸಹಿ

ಮೂವತ್ತೊಂದು ವರ್ಷ ಫೋರ್ಟಿನ ಬ್ಯಾಂಕಿನಲ್ಲಿ
ನನ್ನ ಕೆಲಸ ಒಂದೇ: ಚೆಕ್ಕಿನ ಸಹಿಯನ್ನು
ಕಾರ್ಡಿನ ಸಹಿಯ ಪಕ್ಕಕ್ಕಿಟ್ಟು ನೋಡುವುದು.
ಬಾಲ ಎತ್ತ ತಿರುಗಿತು, ಕೊಂಬು ಎಲ್ಲಿ ಮುರಿಯಿತು,
ಅಡಿಗೆರೆ ಎಳೆಯುವಾಗ ಕೈ ಹೆದರಿತೇ.
ಹೆದರಿದ ಗೆರೆಗೆ ಒಂದು ವಾಸನೆಯಿರುತ್ತದೆ.
ಹಣೆಬರಹಕ್ಕೊಂದು ಮಾದರಿ ಕಾರ್ಡಿಲ್ಲ;
ಉಳಿದೆಲ್ಲಕ್ಕೂ ಇತ್ತು, ನನ್ನ ಕಪಾಟಿನಲ್ಲಿ, ಅಕಾರಾದಿಯಾಗಿ.
'ವ್ಯತ್ಯಾಸವಿದೆ' ಎಂದು ಕೆಂಪಿನಲ್ಲಿ ಬರೆದೆನೆಂದರೆ
ಎಂಥ ಸೇಠನ ಚೆಕ್ಕೂ ಬಂದ ದಾರಿಗೆ ಸುಂಕವಿಲ್ಲ.

ಅಂಥವನು ನಾನು, ನಿವೃತ್ತಿಯ ಮರುವರ್ಷ
ಚೋರ್ ಬಜಾರಿನಲ್ಲಿ, ಗ್ರಾಮಫೋನ್ ಕಹಳೆಗಳ ಹಿಂದೆ
ವಡಾಪಾವ್ ತಿನ್ನುತ್ತ ಕೂತಿದ್ದ ಹುಡುಗನಿಂದ
ಹದಿನೆಂಟು ಸಾವಿರಕ್ಕೆ ಇದನ್ನು ಕೊಂಡೆ.
ಕಪ್ಪು ಮೈ, ನೆತ್ತಿಯಲ್ಲಿ ಬಿಳಿ ನಕ್ಷತ್ರ.
ಇದರಣ್ಣ ದೊಡ್ಡಂಗಡಿಯ ಗಾಜಿನೊಳಗೆ
ಎಂಬತ್ತು ಸಾವಿರದ ಚೀಟಿ ಹೊದ್ದು ಮಲಗಿರುತ್ತಾನೆ.
ಅಗ್ಗಕ್ಕೆ ಸಿಕ್ಕಿತಲ್ಲ ಎಂಬ ಖುಷಿ
ಲೋಕಲ್ಲು ಬೈಕುಲ್ಲಾ ದಾಟುವುದರೊಳಗೆ
ಅಗ್ಗಕ್ಕೆ ಸಿಕ್ಕಿತಲ್ಲ ಎಂಬ ಭಯವಾಯಿತು.

ಅಂದಿನಿಂದ ರಾತ್ರಿಯೆಲ್ಲ ಭೂತಗನ್ನಡಿ.
ಕ್ಲಿಪ್ಪಿನಡಿಯ ನಂಬರು ಕೆತ್ತಿದ್ದೋ, ಒತ್ತಿದ್ದೋ?
ಅಯಸ್ಕಾಂತ ತಂದಾಗ ಉಂಗುರ ಮಿಸುಕಿತೋ,
ಮಿಸುಕಿದ್ದು ನನ್ನ ಬೆರಳೋ?
ಟಾರ್ಚಿಗೆ ಒಡ್ಡಿದರೆ ಅಸಲಿಯ ಕರಿಮೈ
ಒಳಗಿಂದ ಕೆಂಪಗೆ ನಾಚುತ್ತದಂತೆ.
ನನ್ನದು ನಾಚಿತು.
'ನಾಚುವುದನ್ನು ಈಗ ಖೋಟಾಗಳೂ ಕಲಿತಿವೆ'
ಎಂದರು ನೌಶೀರ್.
ಸುಗಂಧಿ ಮಗ್ಗುಲು ಬದಲಿಸುತ್ತ ಅಂದಳು:
'ನನ್ನ ಜಾತಕವನ್ನೂ ಇಷ್ಟು ನೋಡಿರಲಿಲ್ಲ ನಿಮ್ಮವರು.'

ತಿಂಗಳ ಎರಡನೇ ಭಾನುವಾರ ಮಾತುಂಗದಲ್ಲಿ
ಹೋಟೆಲಿನ ಮಾಳಿಗೆ, ಮೂಲೆಯ ಮೇಜು, ನಾವು ಐವರು.
ಕಾಫಿ ದೂರ ಸರಿಸಿ, ಟವೆಲ್ಲು ಹಾಸಿ,
ಒಂದೊಂದನ್ನೇ ಕೂಸಿನಂತೆ ಮಲಗಿಸುತ್ತೇವೆ.
ಪರುಳೇಕರ್ ಡಾಕ್ಟರು ಎರಡು ಲಕ್ಷ ಸುರಿದದ್ದಕ್ಕೆ
ನಿಬ್ಬು ಅಸಲಿ, ಮೈ ಯಾರದೋ.
ಅಳಿಯ ಒಳ್ಳೆಯವನೇ, ಮನೆತನ ಗೊತ್ತಿಲ್ಲ.
ಖೋಟಾ ಎಂಬ ಮಾತು ಆ ಮೇಜಿನಲ್ಲಿ ಯಾರೂ ಆಡುವುದಿಲ್ಲ.
'ಸ್ವಲ್ಪ ಹಗುರ ಅನ್ನಿಸುತ್ತದೆ, ಅಲ್ಲವೇ?'
ಸಾವಿನ ಮನೆಯಲ್ಲಿ ಆಡುವಷ್ಟು ತಗ್ಗಿದ ದನಿ.
ನನ್ನದನ್ನು ನಾನು ಇನ್ನೂ ಅಲ್ಲಿ ಮಲಗಿಸಿಲ್ಲ.

ನವೆಂಬರಿನಲ್ಲಿ, ಬದುಕಿದ್ದೇನೆಂದು ಬರೆದುಕೊಡಲು
ಡೊಂಬಿವಲಿ ಶಾಖೆಗೆ ಹೋದೆ. ಇದೇ ಪೆನ್ನು.
ಕೌಂಟರಿನ ಹುಡುಗಿ ಪರದೆ ನೋಡಿದಳು,
ಕಾಗದ ನೋಡಿದಳು, ಮತ್ತೆ ಪರದೆ.
'ಕಾಕಾ, ಸಹೀ ಜುಳತ್ ನಾಹೀ.'
ಹೊಂದುತ್ತಿಲ್ಲವಂತೆ.
ಬಗ್ಗಿ ನೋಡಿದೆ. ಹೌದು.
ಎಂಬತ್ತನಾಲ್ಕರ ಆ ಸಹಿ ದೋಣಿ ನೀರಿಗಿಳಿದ ಹಾಗೆ.
ಇದು: ಬಾಲದಲ್ಲಿ ನಡುಕ,
ಅಡಿಗೆರೆಯಲ್ಲಿ ಎರಡು ಕಡೆ ದಿಗಿಲು.
ನಾನಾಗಿದ್ದರೆ ಕೆಂಪಿನಲ್ಲಿ ಬರೆಯುತ್ತಿದ್ದೆ.

ಅವಳು ಬರೆಯಲಿಲ್ಲ. ಯಂತ್ರ ಮುಂದೆ ತಳ್ಳಿ
'ಹೆಬ್ಬೆಟ್ಟು ಇಡಿ' ಅಂದಳು. ಒಮ್ಮೆ. ಒರೆಸಿಕೊಂಡು ಮತ್ತೊಮ್ಮೆ.
ಮೂರನೆಯ ಸಲಕ್ಕೆ ಹಸಿರು ದೀಪ.
ದಾರ ಕಟ್ಟಿದ ಅವಳ ಬಾಲ್‌ಪೆನ್ನಿನಲ್ಲಿ ಶಾಯಿಯಿರಲಿಲ್ಲ.
'ಕೊಡಿ ಕಾಕಾ' ಎಂದು ನನ್ನದನ್ನೇ ಇಸಿದುಕೊಂಡು,
ಅಯ್ಯೋ, ಅಷ್ಟು ಒತ್ತಬೇಡಮ್ಮ ಅನ್ನುವಷ್ಟರಲ್ಲಿ
ಸರ್ರನೆ ಸಹಿ ಎಳೆದುಬಿಟ್ಟಳು.
ಎಲ್ಲೂ ತಡವರಿಸದ, ಎಲ್ಲೂ ಹೆದರದ ಗೆರೆ.

'ಚೆನ್ನಾಗಿದೆ. ಎಷ್ಟು ಕೊಟ್ಟಿರಿ?'
'ಹದಿನೆಂಟು' ಅಂದೆ.
ರೂಪಾಯಿಯೋ ಸಾವಿರವೋ ಅವಳು ಕೇಳಲಿಲ್ಲ,
ನಾನು ಹೇಳಲಿಲ್ಲ. ಹಿಂದಿನವರು ತಳ್ಳುತ್ತಿದ್ದರು.

ಮೆಟ್ಟಿಲ ಮೇಲೆ ನಿಂತು ಮುಚ್ಚಳ ತಿರುಗಿಸಿದೆ.
ಒಂದೂವರೆ ಸುತ್ತು.
ಅಸಲಿಯದು ಒಂದೂಕಾಲು ಎಂದಿದ್ದರು ನೌಶೀರ್.
ಬಿಚ್ಚಿ, ಮತ್ತೆ ಎಣಿಸಿದೆ.