ಮುಂಗಡ

ಕೋಡಿಬಾಗದ ನನ್ನ ಅಂಗಡಿಯಲ್ಲಿ ಎರಡು ಟಿವಿ,
ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗಂಟೆಗೆ ಮೂವತ್ತು ರೂಪಾಯಿ.
ಹಳೆ ರಿಮೋಟಿನ ಎಡ ಸ್ಟಿಕ್ಕು ಸವೆದಿದೆ:
ಕೈ ತೆಗೆದರೂ ತೆರೆಯೊಳಗಿನ ಸಿಪಾಯಿ
ಗೋಡೆಗೆ ಹಣೆ ಒತ್ತಿ ನಡೆಯುತ್ತಲೇ ಇರುತ್ತಾನೆ.

ಹೊಸ ಯಂತ್ರ ಬರುತ್ತದಂತೆ, ದೀಪಾವಳಿಗೆ.
ಬೆಲೆ ಹೇಳಿಲ್ಲ. ಚಿತ್ರ ಬಿಟ್ಟಿದ್ದಾರೆ, ಅದೂ ಅರ್ಧ ನೆರಳಲ್ಲಿ.
ಬಂದರಿಗೆ ಎರಡು ತಿಂಗಳ ರಜೆ; ಬೈತಖೋಲದ ಹುಡುಗರು
ಬಲೆ ಹೊಲಿಯುವುದು ಬಿಟ್ಟು ಇಲ್ಲಿ ಕೂತು
ಆ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ
ಗಾಳಿಯಾಡುವ ತೂತು ಎಣಿಸುತ್ತಾರೆ.
"ಇದರಲ್ಲಿ ನೀರು ನಿಜವಾದ ನೀರಿನ ಹಾಗೇ ಅಂತೆ!"
ಎನ್ನುತ್ತಾನೆ ಪ್ರಜೋತ್ ತಾಂಡೇಲ,
ವರ್ಷಕ್ಕೆ ಹತ್ತು ತಿಂಗಳು ನೀರನ್ನೇ ನೋಡುವವನು.

ಆಯಿ ಒಣಮೀನಿನ ಬುಟ್ಟಿ ಇಳಿಸಿ ಕೇಳಿದಳು:
"ಮುಚ್ಚಳ ತೆಗೆಯದೆ, ಬೆಲೆ ಹೇಳದೆ ನಾ ಬಂಗಡೆ ಮಾರಲಿಕ್ಕೆ ಹೋದ್ರೆ
ಜನ ಸುಮ್ನೆ ಬಿಡ್ತಾರೇನೋ?
ಇವಕ್ಕೆ ಮುಂಗಡ ಬೇರೆ!"

ನಾನೂ ಅದನ್ನೇ ಹೇಳುವವನು.
ಹಿಂದಿನದು ಬಂದಾಗ ಹುಬ್ಬಳ್ಳಿಯವರೆಗೆ ಹೋಗಿ ಕ್ಯೂ ನಿಂತಿದ್ದೆ;
ಆಡಲು ಇದ್ದದ್ದು ಎರಡೇ ಆಟ,
ಉಪ್ಪುಗಾಳಿಗೆ ಅದರ ಫ್ಯಾನು
ಮೊದಲ ಮಳೆಯಲ್ಲೇ ಕೆಮ್ಮತೊಡಗಿತು.
"ಒಂದು ವರ್ಷ ತಡೀರಿ," ಅಂದೆ ಹುಡುಗರಿಗೆ,
"ಬೆಲೆ ಇಳೀತದೆ, ತಪ್ಪುಗಳೆಲ್ಲ ಬೇರೆಯವರ ಮನೇಲಿ ಹೊರಗೆ ಬರ್ತವೆ."
ಯಾರೂ ತಲೆ ಎತ್ತಲಿಲ್ಲ.

ರಾತ್ರಿ ಶಟರು ಅರ್ಧ ಎಳೆದು
ಟಿವಿಯ ಕೆಳಗಿನ ಹಲಗೆ ಒರೆಸಿದೆ.
ಗೇಣು ಹಾಕಿ ನೋಡಿದೆ: ಒಂದು, ಒಂದೂವರೆ.
ಚಿತ್ರದಲ್ಲಿ ಅಳತೆ ಕೊಟ್ಟಿಲ್ಲವಲ್ಲ,
ಸುಮ್ಮನೆ.
ಹಳೆಯದನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಹೋದೆ;
ವೈರು ಬಿಗಿಯಿತು, ಬಿಡಲಿಲ್ಲ.
ತೆರೆಯಲ್ಲಿ ಸಿಪಾಯಿ
ಯಾರೂ ಮುಟ್ಟದ ರಿಮೋಟಿನ ಮಾತು ಕೇಳಿ
ಇನ್ನೂ ಗೋಡೆಗೆ ನಡೆಯುತ್ತಿದ್ದ.